ಬೇಗಂಪೇಟೆಯ ಸೊಳ್ಳೆ ಡಾಕ್ಟರು

ಹೂಕುಂಡದ ತಟ್ಟೆಯಲ್ಲಿ ನಿಂತ ನೀರು ಚೆಲ್ಲುವಾಗಲೆಲ್ಲ ನನಗೆ ಸರ್ ರೊನಾಲ್ಡ್ ರಾಸ್ ನೆನಪಾಗುತ್ತಾರೆ. ನಮ್ಮ ಸಿಕಂದರಾಬಾದಿಗೆ ಅವರ ಋಣವಿದೆ, ಬೆಂಗಳೂರಿಗೂ ಇದೆ.

1857ರಲ್ಲಿ ಅಲ್ಮೋರಾದಲ್ಲಿ ಹುಟ್ಟಿದ ರಾಸ್ ಅವರಿಗೆ ಸಾಹಿತ್ಯ, ಚಿತ್ರಕಲೆಯಲ್ಲಿ ಒಲವು. ತಂದೆಯ ಒತ್ತಾಯಕ್ಕೆ ವೈದ್ಯರಾದರು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ ತಮ್ಮ ಬಂಗಲೆಯ ನೀರಿನ ಪೀಪಾಯಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ಅದನ್ನು ಬೋರಲು ಹಾಕಿಸಿದರು. ಸೊಳ್ಳೆ ಕಾಟ ಇಳಿಯಿತು.

1895ರಲ್ಲಿ ಅವರು ಸಿಕಂದರಾಬಾದಿಗೆ ಬಂದರು. ಮಲೇರಿಯಾ ರೋಗಿಗಳನ್ನು ಕಚ್ಚಿದ ಸೊಳ್ಳೆಗಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಅವರ ಕೆಲಸವಾಯಿತು. ಗಾಳಿಗೆ ಸೊಳ್ಳೆಯ ತುಣುಕು ಹಾರಿಹೋದೀತೆಂದು ಪಂಖಾ ಬೀಸಿಸುತ್ತಿರಲಿಲ್ಲ. ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು. ಎರಡು ವರ್ಷವಾದರೂ ಫಲವಿಲ್ಲ. ಅವರು ನೋಡುತ್ತಿದ್ದುದು ಬೇರೆ ಜಾತಿಯ ಸೊಳ್ಳೆಗಳನ್ನು. ನಡುವೆ ಅವರಿಗೇ ಮಲೇರಿಯಾ ಬಂತು.

1897ರ ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ರೋಗಿ ಅನಾಫಿಲಿಸ್ ಸೊಳ್ಳೆಗಳಿಂದ ಕಚ್ಚಿಸಿಕೊಂಡರು. ಸೊಳ್ಳೆಗೆ ಒಂದಾಣೆ ಕೂಲಿ! ಆಗಸ್ಟ್ 20ರ ಮಧ್ಯಾಹ್ನ ಮೋಡ ಕವಿದಿತ್ತು. ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಸುಮಾರು 12 ಮೈಕ್ರಾನ್ ಅಗಲದ, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ತುಸು ದೊಡ್ಡದಾದ, ದುಂಡನೆಯ ಕೋಶವೊಂದು ಕಂಡಿತು.

ಸೂಕ್ಷ್ಮದರ್ಶಕ ಒಂದು ಸಲಕ್ಕೆ ಒಂದು ತೆಳು ಪದರವನ್ನಷ್ಟೇ ಸ್ಪಷ್ಟವಾಗಿ ತೋರಿಸುತ್ತದೆ. ಆಳದಲ್ಲಿ ಏನಿದೆಯೆಂದು ತಿಳಿಯಲು ಫೋಕಸ್ ಬದಲಿಸಲೇಬೇಕು. ರಾಸ್ ಬೆಳಕು ಹೆಚ್ಚಿಸಿ ಫೋಕಸ್ ಬದಲಿಸಿದರು. ಕೋಶದೊಳಗೆ ಮಲೇರಿಯಾ ಜೀವಿಯದೇ ಕಪ್ಪು ಕಣಗಳು! ಮರುದಿನ ಇನ್ನೊಂದು ಸೊಳ್ಳೆಯಲ್ಲಿ ಅಂಥವೇ ಕೋಶಗಳು ಇನ್ನೂ ದೊಡ್ಡದಾಗಿದ್ದವು. ರೋಗಾಣು ಸೊಳ್ಳೆಯೊಳಗೆ ಬೆಳೆಯುತ್ತಿತ್ತು. ಇಂದಿನ ಕಾನ್‌ಫೋಕಲ್ ಸೂಕ್ಷ್ಮದರ್ಶಕವೂ ಹೀಗೇ ಪದರ ಪದರವಾಗಿ ಚಿತ್ರ ತೆಗೆಯುತ್ತದೆ. ಕಂಪ್ಯೂಟರ್ ಅವನ್ನು ಜೋಡಿಸಿ ಕೋಶದ ಉದ್ದ, ಅಗಲ, ಆಳ ಮೂರನ್ನೂ ಅಳೆಯುತ್ತದೆ. ರಾಸ್ ಅವರಿಗಿದ್ದದ್ದು ಕಣ್ಣು, ಕೈ, ತಾಳ್ಮೆ.

1898ರಲ್ಲಿ ಕಲ್ಕತ್ತೆಯಲ್ಲಿ, ಹಕ್ಕಿಗಳ ಮಲೇರಿಯಾ ಸೊಳ್ಳೆ ಕಡಿತದಿಂದಲೇ ಹರಡುತ್ತದೆಂದು ತೋರಿಸಿಕೊಟ್ಟರು. 1902ರಲ್ಲಿ ನೊಬೆಲ್ ಬಂತು. 1932ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಬಳಿ ಅವರ ಹೆಸರಿನ ಕಟ್ಟಡವಿದೆ. ಆ ಕಡೆ ಹೋದಾಗ ನಾನು ರಾಸ್ ಅವರ ಜೊತೆಗೆ, ಆಣೆಗಳಿಗಾಗಿ ತೋಳು ಚಾಚಿದ ಹುಸೇನ್ ಖಾನರನ್ನೂ ನೆನೆಯುತ್ತೇನೆ. ಆಗಸ್ಟ್ 20 ವಿಶ್ವ ಸೊಳ್ಳೆ ದಿನ. ಅಂದಾದರೂ ಮನೆಯ ಸುತ್ತ ನಿಂತ ನೀರು ಚೆಲ್ಲೋಣ, ಗೆಳತಿಯರೇ.