ಕಾಫಿ ಎಲೆಯ ತುಕ್ಕು ಮತ್ತು ವಾರ್ಡ್ ಮೇಷ್ಟ್ರು

ತುಕ್ಕು ಅಂದ ತಕ್ಷಣ ನಮಗೆ ನೆನಪಾಗೋದು ಕಬ್ಬಿಣ. ಹ್ಯಾರಿ ಮಾರ್ಷಲ್ ವಾರ್ಡ್ ಅವರ ಬದುಕನ್ನ ತಿರುಗಿಸಿದ್ದು ಕಾಫಿ ಎಲೆಯ ತುಕ್ಕು.

ವಾರ್ಡ್ ಹುಟ್ಟಿದ್ದು 1854ರಲ್ಲಿ, ಇಂಗ್ಲೆಂಡಿನ ಹೆರಿಫರ್ಡ್‌ನಲ್ಲಿ. ಕೇಂಬ್ರಿಜ್‌ನಲ್ಲಿ ಡಿಗ್ರಿ ಮುಗಿಸಿದ ಮರುವರ್ಷವೇ, ಅಂದರೆ 1880ರಲ್ಲಿ, ಸಿಲೋನ್‌ಗೆ (ಈಗಿನ ಶ್ರೀಲಂಕಾ) ಹೊರಟರು. ಆಗ ಅವರಿಗೆ ಬರೀ ವರ್ಷ 25-26. ನಮ್ಮ ಸೀನಿಯರ್‌ಗಳಿಗಿಂತ ನಾಲ್ಕೈದು ವರ್ಷ ದೊಡ್ಡವರು, ಅಷ್ಟೇ. ಸರ್ಕಾರ ಕೊಟ್ಟ ಕೆಲಸ ಮಾತ್ರ ದೊಡ್ಡದು: ಅಲ್ಲಿನ ಕಾಫಿ ತೋಟಗಳನ್ನು ಹಾಳು ಮಾಡ್ತಿದ್ದ ರೋಗವನ್ನು ಅರ್ಥ ಮಾಡ್ಕೋಬೇಕಿತ್ತು.

1869ರಲ್ಲೇ ಆ ರೋಗ ಅಲ್ಲಿ ಕಾಣಿಸಿಕೊಂಡಿತ್ತು. ಎಲೆಯ ಕೆಳಗೆ ಕಿತ್ತಳೆ ಬಣ್ಣದ ಪುಡಿ ಕೂರುತ್ತೆ, ಎಲೆ ಉದುರುತ್ತೆ, ಗಿಡ ಬೋಳಾಗಿ ಫಸಲು ಕಡಿಮೆಯಾಗುತ್ತಾ ಹೋಗುತ್ತೆ. ವಾರ್ಡ್ ಅಂಟು ಸವರಿದ ಗಾಜಿನ ಪಟ್ಟಿಗಳನ್ನು ತೋಟದಲ್ಲಿಟ್ಟರು. ಗಾಳಿಯಲ್ಲಿ ಬಂದ ಶಿಲೀಂಧ್ರದ ಬೀಜಾಣುಗಳು ಅದಕ್ಕೆ ಅಂಟಿಕೊಂಡವು. ಎಂಥ ಸಿಂಪಲ್ ಸೆನ್ಸರ್ ನೋಡಿ! ಒದ್ದೆ ಎಲೆಯ ಮೇಲೆ ಬೀಜಾಣು ಮೊಳೆತು, ಎಲೆಯ ಸಣ್ಣ ರಂಧ್ರಗಳ ಮೂಲಕ ಒಳಗೆ ನುಗ್ಗೋದನ್ನೂ ಅವರು ಮೈಕ್ರೋಸ್ಕೋಪ್‌ನಲ್ಲಿ ನೋಡಿದರು.

ಆದರೆ ಬೀಜಾಣು ಹಾರೋದು ಅರ್ಧ ಕತೆ ಮಾತ್ರ. ಇನ್ನರ್ಧ ಮನುಷ್ಯರದ್ದು. ತೋಟದ ಮಾಲೀಕರು ಕಾಡು ಕಡಿದು ಗುಡ್ಡದಿಂದ ಗುಡ್ಡಕ್ಕೆ ಒಂದೇ ಬೆಳೆ ಹಾಕಿದ್ದರು. ಗಾಳಿ ತಡೆಯೋಕೆ ಮಧ್ಯದಲ್ಲಿ ಮರಗಳೂ ಉಳಿದಿರಲಿಲ್ಲ. ಹಾಸ್ಟೆಲ್‌ನಲ್ಲಿ ಒಬ್ಬನಿಗೆ ಕೆಮ್ಮು ಬಂದ್ರೆ ಇಡೀ ಫ್ಲೋರ್ ಕೆಮ್ಮುತ್ತಲ್ಲ, ಹಾಗೆ. ಶಿಲೀಂಧ್ರ ಮುಂದಿನ ಊಟ ಹುಡುಕಿಕೊಂಡು ಹೋಗೋ ಅಗತ್ಯವೇ ಇರಲಿಲ್ಲ.

ಕಾರಣ ಸಿಕ್ಕಿತು, ಮದ್ದು ಸಿಗಲಿಲ್ಲ. ವಾರ್ಡ್ ಬರೋ ಹೊತ್ತಿಗೆ ರೋಗಕ್ಕೆ ಹನ್ನೊಂದು ವರ್ಷ ವಯಸ್ಸಾಗಿತ್ತು. 1882ರಲ್ಲಿ ಅವರು ವಾಪಸ್ ಹೋದರು, ಸಿಲೋನ್ ನಿಧಾನವಾಗಿ ಕಾಫಿ ಬಿಟ್ಟು ಟೀ ಹಿಡಿಯಿತು. ಇದನ್ನ ಸೋಲು ಅನ್ನೋಕೆ ನನಗೆ ಮನಸ್ಸಾಗಲ್ಲ. ಅದೇ ತುಕ್ಕು ನಮ್ಮ ಕೊಡಗು, ಚಿಕ್ಕಮಗಳೂರಿನ ಅರೇಬಿಕಾ ಗಿಡಗಳನ್ನು ಇವತ್ತಿಗೂ ಬಿಟ್ಟಿಲ್ಲ.

ಮಜಾ ಏನಂದ್ರೆ, 1885ರಿಂದ ಹತ್ತು ವರ್ಷ ವಾರ್ಡ್ ಪಾಠ ಮಾಡಿದ್ದು ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ! ಲಂಡನ್ ಹತ್ತಿರದ ಕೂಪರ್ಸ್ ಹಿಲ್‌ನಲ್ಲಿದ್ದ ರಾಯಲ್ ಇಂಡಿಯನ್ ಇಂಜಿನಿಯರಿಂಗ್ ಕಾಲೇಜು ಅದು. ಭಾರತದ ಲೋಕೋಪಯೋಗಿ ಇಲಾಖೆಗೆ ಇಂಜಿನಿಯರ್‌ಗಳು ತಯಾರಾಗ್ತಿದ್ದ ಜಾಗ. ಅಲ್ಲೇ ಓದುತ್ತಿದ್ದ ಅರಣ್ಯ ಇಲಾಖೆಯ ಹುಡುಗರಿಗೆ ವಾರ್ಡ್ ಸಸ್ಯಶಾಸ್ತ್ರದ ಮೇಷ್ಟ್ರು. ಮರಮುಟ್ಟು ಮತ್ತದರ ರೋಗಗಳ ಬಗ್ಗೆ ಪುಸ್ತಕ ಬರೆದಿದ್ದೂ ಆ ದಿನಗಳಲ್ಲೇ, 1889ರಲ್ಲಿ.

1895ರಲ್ಲಿ ಕೇಂಬ್ರಿಜ್‌ಗೆ ಪ್ರೊಫೆಸರ್ ಆಗಿ ಮರಳಿದರು. 1906ರಲ್ಲಿ, 52ನೇ ವಯಸ್ಸಿಗೇ ತೀರಿಕೊಂಡರು. ಕೊನೆಯ ವರ್ಷಗಳಲ್ಲೂ ಅವರ ಕೈಲಿದ್ದದ್ದು ತುಕ್ಕೇ. ಈ ಸಲ ಹುಲ್ಲಿನದ್ದು.