ಹಾಸ್ಯನಟ ಡ್ಯಾನ್ ಲೀನೊ

ಚಾರ್ಲಿ ಚಾಪ್ಲಿನನ ಚಿತ್ರಗಳನ್ನು ನೋಡಿ ನಗದವರು ನಮ್ಮ ವಾಚಕರಲ್ಲಿ ವಿರಳ. ಆತನು ಇನ್ನೂ ಬಾಲಕನಾಗಿದ್ದಾಗ ಲಂಡನ್ ನಗರವನ್ನು ನಗಿಸುತ್ತಿದ್ದವನು ಡ್ಯಾನ್ ಲೀನೊ. ಅವನ ಚರಿತ್ರೆಯನ್ನು ನಾವಿಲ್ಲಿ ಸಂಗ್ರಹವಾಗಿ ಹೇಳುವೆವು.

ಇವನ ನಿಜನಾಮವು ಜಾರ್ಜ್ ಗಾಲ್ವಿನ್. 1860ನೆಯ ಇಸವಿ ಡಿಸೆಂಬರ್ 20ರಂದು ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಭಾಗದಲ್ಲಿ ಬಡ ನಟರ ಮಗನಾಗಿ ಜನಿಸಿದನು. ನಾಲ್ಕು ವರ್ಷ ತುಂಬುವ ಮೊದಲೇ ಹೊಟ್ಟೆಪಾಡಿಗಾಗಿ ರಂಗವನ್ನೇರಿ ಮೈಬಗ್ಗಿಸುವ ಆಟವನ್ನು ತೋರಿಸಬೇಕಾಯಿತು. 1864ರಲ್ಲಿ ತಂದೆಯು ತೀರಿಕೊಂಡನು. ತಾಯಿಯ ಎರಡನೆಯ ಪತಿಯು ರಂಗದಲ್ಲಿ ಧರಿಸಿದ್ದ ಲೀನೊ ಎಂಬ ಹೆಸರೇ ಮಗನಿಗೂ ಬಂದಿತು. ಮರದ ಅಟ್ಟೆಯ ಪಾದರಕ್ಷೆ ತೊಟ್ಟು ಕುಣಿಯುವುದರಲ್ಲಿ ಅವನು ನಿಪುಣನಾಗಿ 1880ರಲ್ಲಿ ಲೀಡ್ಸ್ ನಗರದ ಪಂದ್ಯದಲ್ಲಿ ಗೆದ್ದನು. ಆದರೆ 1885ರಲ್ಲಿ ಲಂಡನ್ನಿಗೆ ಬಂದಾಗ ಜನರು ಮೆಚ್ಚಿದ್ದು ಕುಣಿತವನ್ನಲ್ಲ, ಹಾಸ್ಯದ ಹಾಡುಗಳನ್ನು.

1888ರಿಂದ ಡ್ರೂರಿ ಲೇನ್ ನಾಟಕಶಾಲೆಯಲ್ಲಿ ಪ್ರತಿ ಕ್ರಿಸ್ಮಸ್ ಕಾಲಕ್ಕೂ ಆಡುತ್ತಿದ್ದ ಹಾಸ್ಯನಾಟಕಗಳಲ್ಲಿ ಅವನಿಗೆ ಹಲವು ಸಲ ಹೆಣ್ಣಿನ ವೇಷವು ದೊರೆಯಿತು. ಸ್ಥೂಲಕಾಯದ ಹರ್ಬರ್ಟ್ ಕ್ಯಾಂಪ್ಬೆಲನ ಪಕ್ಕದಲ್ಲಿ ಈ ಕುಳ್ಳನು ನಿಂತರೆ ಸಾಕು, ಸಭೆಯು ನಗುತ್ತಿತ್ತು. 1902ರಲ್ಲಿ ಆಡಿದ ಮದರ್ ಗೂಸ್ ನಾಟಕದಲ್ಲಿ ಐಶ್ವರ್ಯ ದೊರೆತ ಬಡ ಮುದುಕಿಯೊಬ್ಬಳು ಸೌಂದರ್ಯವೂ ಬೇಕೆಂದು ಹಂಬಲಿಸುತ್ತಾಳೆ. ಗಂಡಸು ಹೆಣ್ಣಿನ ವೇಷ ಹಾಕಿದರೆ ಹೆಣ್ಣನ್ನು ಹೀಯಾಳಿಸುವುದೇ ಹೆಚ್ಚು. ಲೀನೊ ಹಾಗೆ ಮಾಡಲಿಲ್ಲವೆಂಬುದೇ ನಮಗೆ ಅವನಲ್ಲಿ ಪ್ರಿಯವಾದ ಗುಣ. ಬಾಡಿಗೆ ಕೊಡಲಾಗದ, ಅಂಗಡಿಯ ಸಾಲ ತೀರಿಸಲಾಗದ ಹೆಂಗಸರ ಬಾಳನ್ನು ಅವನು ಚಿಕ್ಕಂದಿನಿಂದಲೇ ಬಲ್ಲವನಾಗಿದ್ದನು.

1901ರ ನವೆಂಬರ್ 26ರಂದು ಸ್ಯಾಂಡ್ರಿಂಗ್ಹ್ಯಾಮ್ ಅರಮನೆಯಲ್ಲಿ ಏಳನೆಯ ಎಡ್ವರ್ಡ್ ದೊರೆಯ ಮುಂದೆ ಆಡಿ ವಜ್ರದ ಪಿನ್ನೊಂದನ್ನು ಬಹುಮಾನವಾಗಿ ಪಡೆದನು. ಆಗತಾನೆ ಹುಟ್ಟಿದ್ದ ಮೂಕಿಚಿತ್ರಗಳಲ್ಲಿಯೂ ಕಾಣಿಸಿಕೊಂಡನು; ಗ್ರಾಮಫೋನ್ ತಟ್ಟೆಗಳಿಗೂ ಹಾಡಿದನು.

ಇಷ್ಟಾದರೂ ಅವನ ಮನಸ್ಸಿಗೆ ತೃಪ್ತಿಯಿರಲಿಲ್ಲ. ಷೇಕ್ಸ್ಪಿಯರನ ಗಂಭೀರ ಪಾತ್ರಗಳನ್ನು ಮಾಡಬೇಕೆಂಬ ಹಂಬಲವು ಅವನನ್ನು ಕಾಡಿತು. ಅತಿಯಾಗಿ ಕುಡಿಯುವ ಅಭ್ಯಾಸವೂ ಇದ್ದಿತು. ಅದನ್ನು ನಾವು ಮರೆಮಾಡಲಾರೆವು. 1903ರಲ್ಲಿ ಬುದ್ಧಿಭ್ರಮಣೆಯಾಗಿ ಕೆಲವು ತಿಂಗಳು ಆಸ್ಪತ್ರೆಯಲ್ಲಿರಬೇಕಾಯಿತು. ಗುಣವಾಗಿ ಬಂದು ಆ ಕ್ರಿಸ್ಮಸ್ಸಿಗೆ ಮರಳಿ ಡ್ರೂರಿ ಲೇನ್ ರಂಗವನ್ನೇರಿದಾಗ ಜನರು ಅವನನ್ನು ಹರ್ಷದಿಂದ ಎದುರುಗೊಂಡರು. ಮರುವರ್ಷದ ಜುಲೈಯಲ್ಲಿ ಕ್ಯಾಂಪ್ಬೆಲನು ಸತ್ತನು. ಜೊತೆಗಾರನನ್ನು ಕಳೆದುಕೊಂಡ ದುಃಖವು ಲೀನೊವನ್ನು ಮತ್ತೆ ಕುಗ್ಗಿಸಿತು. 1904ರ ಅಕ್ಟೋಬರ್ 31ರಂದು, ನಾಲ್ವತ್ತಮೂರನೆಯ ವಯಸ್ಸಿನಲ್ಲಿ, ಅವನೂ ಕಾಲವಶನಾದನು. ಟೂಟಿಂಗಿನ ಸ್ಮಶಾನಕ್ಕೆ ಹೆಣವನ್ನು ಒಯ್ಯುವಾಗ ಅವನನ್ನು ನೋಡಿ ನಕ್ಕಿದ್ದ ಜನರು ಬೀದಿಯ ಇಕ್ಕೆಲಗಳಲ್ಲಿಯೂ ಕಿಕ್ಕಿರಿದು ನಿಂತಿದ್ದರು.