ಹಿಟ್ಟು, ಮಲ್ಲಿಗೆ ಮತ್ತು ಮಾಸ್ಲೊ

ಬಿ.ಇಡಿ, ಎಂಬಿಎ ಓದುವವರಿಗೆ, ಟಿಇಟಿಗೆ ತಯಾರಾಗುವವರಿಗೆ ಅಬ್ರಹಾಂ ಮಾಸ್ಲೊ ಎಂದೊಡನೆ ನೆನಪಾಗುವುದು ಒಂದು ತ್ರಿಕೋನ. ತಳದಲ್ಲಿ ಅನ್ನ–ನೀರು, ಅದರ ಮೇಲೆ ಭದ್ರತೆ, ಆಮೇಲೆ ಪ್ರೀತಿ, ಗೌರವ, ತುತ್ತತುದಿಯಲ್ಲಿ ಆತ್ಮಸಾಕ್ಷಾತ್ಕಾರ. ಪರೀಕ್ಷೆಗೆ ಇಷ್ಟು ಸಾಕು. ಆದರೆ ತನ್ನ ಸಿದ್ಧಾಂತ ಮಂಡಿಸಿದ ಲೇಖನದಲ್ಲಿ ಮಾಸ್ಲೊ ಈ ತ್ರಿಕೋನವನ್ನು ಬರೆದೇ ಇರಲಿಲ್ಲ. ಅವರ ಬದುಕೂ ಈ ಮೆಟ್ಟಿಲುಗಳನ್ನು ಕ್ರಮವಾಗಿ ಹತ್ತಲಿಲ್ಲ.

ಮಾಸ್ಲೊ ಹುಟ್ಟಿದ್ದು 1908ರ ಏಪ್ರಿಲ್ 1ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ರಷ್ಯಾದಿಂದ ವಲಸೆ ಬಂದ ಯಹೂದಿ ದಂಪತಿಯ ಏಳು ಮಕ್ಕಳಲ್ಲಿ ಹಿರಿಯ. ತಂದೆಯದು ಮರದ ಪೀಪಾಯಿ ಮಾಡುವ ಕಸುಬು. ತಾಯಿಯೊಂದಿಗೆ ಮಗನಿಗೆ ಕೊನೆಯವರೆಗೂ ಹೊಂದಿಕೆಯಾಗಲಿಲ್ಲ. ಹೊರಗೆ ಯಹೂದಿ ಎಂಬ ಹೀಯಾಳಿಕೆ, ಒಳಗೆ ತಾನು ಕುರೂಪಿ ಎಂಬ ಕೀಳರಿಮೆ. ಸ್ನೇಹಿತರಿಲ್ಲದ ಹುಡುಗನಿಗೆ ಗ್ರಂಥಾಲಯವೇ ಆಸರೆಯಾಯಿತು.

ಮಗ ವಕೀಲನಾಗಲಿ ಎಂಬುದು ತಂದೆಯ ಆಸೆ. ಮಾಸ್ಲೊ ಕಾನೂನು ತರಗತಿಗೆ ಸೇರಿ, ಅಷ್ಟೇ ಬೇಗ ಬಿಟ್ಟರು. ಓದು ಮುಗಿದಿರಲಿಲ್ಲ, ಸಂಪಾದನೆ ಶುರುವಾಗಿರಲಿಲ್ಲ. ಆದರೂ 1928ರಲ್ಲಿ, ಇಪ್ಪತ್ತರ ವಯಸ್ಸಿಗೆ, ಸಂಬಂಧದಲ್ಲೇ ಇದ್ದ ಬರ್ತಾ ಗುಡ್‌ಮನ್ ಅವರನ್ನು ಮದುವೆಯಾದರು. ತನ್ನ ಬದುಕು ನಿಜವಾಗಿ ಆರಂಭವಾದದ್ದೇ ಆಗ ಎಂದು ನಂತರ ನೆನೆಯುತ್ತಿದ್ದರು. ಭದ್ರತೆಗಿಂತ ಮೊದಲು ಪ್ರೀತಿ ದಕ್ಕಿತ್ತು. ಆ ಬಲದಲ್ಲೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿ, ಹ್ಯಾರಿ ಹಾರ್ಲೊ ಮಾರ್ಗದರ್ಶನದಲ್ಲಿ ಕೋತಿಗಳ ವರ್ತನೆಯನ್ನು ಅಧ್ಯಯನ ಮಾಡಿ, 1934ರಲ್ಲಿ ಪಿಎಚ್.ಡಿ ಪಡೆದರು.

ಪದವಿ ಕೈಗೆ ಬಂದಾಗ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಕೋಟಿಗೂ ಹೆಚ್ಚು ಜನ ನಿರುದ್ಯೋಗಿಗಳು. ಅದರ ಮೇಲೆ, ಯಹೂದಿಗಳಿಗೆ ಕೆಲಸ ಕೊಡಲು ಅನೇಕ ವಿಶ್ವವಿದ್ಯಾಲಯಗಳು ಹಿಂಜರಿಯುತ್ತಿದ್ದವು. ಮಾಸ್ಲೊ ಕೆಲಕಾಲ ಕೊಲಂಬಿಯಾದಲ್ಲಿ ಥಾರ್ನ್‌ಡೈಕ್ ಅವರ ಬಳಿ ಸಂಶೋಧನೆ ಮಾಡಿ, 1937ರಲ್ಲಿ ಬ್ರೂಕ್ಲಿನ್ ಕಾಲೇಜಿನಲ್ಲಿ ಅಧ್ಯಾಪಕರಾದರು.

ಮರುವರ್ಷದ ಬೇಸಿಗೆಯಲ್ಲಿ ಕೆನಡಾದ ಆಲ್ಬರ್ಟಾಕ್ಕೆ ಹೋಗಿ ಬ್ಲ್ಯಾಕ್‌ಫೂಟ್ ಬುಡಕಟ್ಟಿನವರ ನಡುವೆ ಕೆಲವು ವಾರ ಇದ್ದರು. ಅಲ್ಲಿ ಹೆಚ್ಚು ಕೂಡಿಟ್ಟವನಿಗಲ್ಲ, ಹೆಚ್ಚು ಹಂಚಿದವನಿಗೆ ಗೌರವ. ಕೈಯಲ್ಲಿ ಕಾಸಿಲ್ಲದವರ ಮನಸ್ಸಿನಲ್ಲೂ ಭದ್ರತೆಯ ಭಾವವಿತ್ತು. ನಗರದಿಂದ ಬಂದ ಸಂಶೋಧಕನಿಗೆ ಇದು ಹೊಸ ಪಾಠ.

1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾಯಿತು. ಆ ದಿನಗಳಲ್ಲಿ ಮನೆಗೆ ಮರಳುವಾಗ ರಸ್ತೆಯಲ್ಲಿ ಪುಟ್ಟ ಮೆರವಣಿಗೆಯೊಂದು ಎದುರಾಯಿತು. ಹಳೆಯ ಸಮವಸ್ತ್ರ, ಬಾವುಟ, ಅಪಸ್ವರದ ಕೊಳಲು. ನೋಡುತ್ತಿದ್ದಂತೆ ಮಾಸ್ಲೊ ಕಣ್ಣು ತುಂಬಿ ಬಂತು. ಮನುಷ್ಯನಿಗೆ ನಿಜವಾಗಿ ಏನು ಬೇಕು ಎಂದು ತಿಳಿಯದೆ ಯುದ್ಧಗಳು ನಿಲ್ಲುವುದಿಲ್ಲ ಎನಿಸಿತು. ಆ ಹುಡುಕಾಟದ ಫಲವಾಗಿ 1943ರಲ್ಲಿ ‘ಸೈಕಲಾಜಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಮಾನವ ಪ್ರೇರಣೆಯ ಸಿದ್ಧಾಂತ ಕುರಿತ ಲೇಖನ ಪ್ರಕಟವಾಯಿತು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಮ್ಮಲ್ಲಿ ಹಂಗಿಸುತ್ತಾರೆ. ಮಾಸ್ಲೊ ಸಿದ್ಧಾಂತವನ್ನೂ ಹಲವರು ಹಾಗೆಯೇ ಓದುತ್ತಾರೆ: ಮೊದಲು ಹಿಟ್ಟು, ಅದು ಪೂರ್ತಿ ಆದಮೇಲೆ ಮಲ್ಲಿಗೆ. ಹಸಿವು ಮಿಕ್ಕೆಲ್ಲ ಬಯಕೆಗಳನ್ನು ಮುಚ್ಚಿಹಾಕುತ್ತದೆ ಎಂದು ಅವರು ಬರೆದದ್ದು ನಿಜ. ಆದರೆ ಈ ಕ್ರಮ ಕಲ್ಲಿನಲ್ಲಿ ಕೊರೆದದ್ದಲ್ಲ, ಕೆಲವರಲ್ಲಿ ಅದಲುಬದಲಾಗುತ್ತದೆ ಎಂದೂ ಅದೇ ಲೇಖನದಲ್ಲಿ ಹೇಳಿದ್ದರು. ಒಂದು ಅಗತ್ಯ ನೂರಕ್ಕೆ ನೂರು ತೀರಿದ ಮೇಲೆಯೇ ಇನ್ನೊಂದು ತಲೆ ಎತ್ತುತ್ತದೆ ಎಂಬುದನ್ನೂ ಒಪ್ಪಲಿಲ್ಲ. ಉದಾಹರಣೆಗೆಂದು ಕೆಲವು ಅಂದಾಜು ಅಂಕಿಗಳನ್ನು ಕೊಟ್ಟರು: ಸಾಮಾನ್ಯ ಮನುಷ್ಯನೊಬ್ಬನ ದೈಹಿಕ ಅಗತ್ಯ ಶೇ 85, ಭದ್ರತೆ ಶೇ 70, ಪ್ರೀತಿ ಶೇ 50, ಸ್ವಗೌರವ ಶೇ 40, ಆತ್ಮಸಾಕ್ಷಾತ್ಕಾರ ಶೇ 10ರಷ್ಟು ತೀರಿರಬಹುದು. ಅಂದರೆ ಐದೂ ಒಟ್ಟೊಟ್ಟಿಗೇ ನಡೆಯುತ್ತಿರುತ್ತವೆ, ಎಲ್ಲವೂ ಅರೆಬರೆ. ತ್ರಿಕೋನದ ಚಿತ್ರ ಬಳಕೆಗೆ ಬಂದದ್ದು ನಂತರ, ಮ್ಯಾನೇಜ್‌ಮೆಂಟ್ ಬರಹಗಾರರಿಂದ.

ಹೆಸರು ಬಂದಮೇಲೂ ದಾರಿ ನೇರವಾಗಿರಲಿಲ್ಲ. 1947ರಲ್ಲಿ ಕಾಯಿಲೆಬಿದ್ದು ಕಾಲೇಜಿನಿಂದ ರಜೆ ಪಡೆದು, ಕ್ಯಾಲಿಫೋರ್ನಿಯಾದಲ್ಲಿ ಮನೆಯವರ ಪೀಪಾಯಿ ಉದ್ಯಮ ನೋಡಿಕೊಂಡರು. ಚೇತರಿಸಿಕೊಂಡು ಮರಳಿದ ಅವರು 1951ರಲ್ಲಿ ಬ್ರಾಂಡೈಸ್ ವಿಶ್ವವಿದ್ಯಾಲಯ ಸೇರಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. 1954ರಲ್ಲಿ ಅವರ ಪ್ರಮುಖ ಕೃತಿ ‘ಮೋಟಿವೇಶನ್ ಅಂಡ್ ಪರ್ಸನಾಲಿಟಿ’ ಬಂತು.

ಟೀಕೆಗಳೂ ಬಂದವು. ಆತ್ಮಸಾಕ್ಷಾತ್ಕಾರಕ್ಕೆ ಲಿಂಕನ್, ಐನ್‌ಸ್ಟೈನ್, ಎಲೀನರ್ ರೂಸ್‌ವೆಲ್ಟ್ ಮುಂತಾದವರನ್ನು ಮಾಸ್ಲೊ ತಾವೇ ಆರಿಸಿ ಉದಾಹರಿಸಿದ್ದರು. ಇದು ವಿಜ್ಞಾನದ ಕಟ್ಟುನಿಟ್ಟಿಗೆ ಸಾಲದೆಂದು ಅವರಿಗೂ ಗೊತ್ತಿತ್ತು. ಕೊನೆಯ ವರ್ಷಗಳಲ್ಲಿ ತಮ್ಮ ಸಿದ್ಧಾಂತವನ್ನು ತಾವೇ ತಿದ್ದಿ, ತನ್ನನ್ನು ಮೀರಿ ಇತರರಿಗಾಗಿ ಬದುಕುವುದು ಆತ್ಮಸಾಕ್ಷಾತ್ಕಾರಕ್ಕೂ ಮಿಗಿಲು ಎಂದರು. 1967ರಲ್ಲಿ ಹೃದಯಾಘಾತದಿಂದ ಪಾರಾದರು. 1970ರ ಜೂನ್ 8ರಂದು ಕ್ಯಾಲಿಫೋರ್ನಿಯಾದಲ್ಲಿ ಜಾಗಿಂಗ್ ಮಾಡುತ್ತಿದ್ದಾಗಲೇ ಕುಸಿದು ಕೊನೆಯುಸಿರೆಳೆದರು. ಆಗ ವಯಸ್ಸು 62.

ಕೆಲಸ ಹುಡುಕುತ್ತಿರುವ ನಮ್ಮಲ್ಲಿ ಎಷ್ಟೋ ಮಂದಿ ಬದುಕನ್ನೇ ಮುಂದೂಡಿಬಿಟ್ಟಿರುತ್ತೇವೆ. ನೇಮಕಾತಿ ಆದೇಶ ಬರಲಿ, ಆಮೇಲೆ ಗೆಳೆಯರನ್ನು ಭೇಟಿಯಾಗೋಣ. ಸಂಬಳ ಬರಲಿ, ಆಮೇಲೆ ನೆಂಟರ ಮದುವೆಗೆ ಹೋಗೋಣ. ಸೆಟ್ಲ್ ಆದಮೇಲೆ ಹಾಡು, ಚಿತ್ರ, ಓದು. ಸಂಬಳ ಬೇಕೇ ಬೇಕು; ಕೈ ಖಾಲಿ ಇದ್ದಾಗ ಮನಸ್ಸು ಕುಗ್ಗಿದರೆ ಅದು ಸೋಮಾರಿತನವಲ್ಲ ಎಂದು ಮಾಸ್ಲೊ ಸಿದ್ಧಾಂತವೇ ಹೇಳುತ್ತದೆ. ಆದರೆ ಕೆಳಗಿನ ಅಂತಸ್ತು ಅರ್ಧ ಕಟ್ಟಿದ್ದಾಗಲೂ ಸ್ನೇಹಕ್ಕೆ, ಸ್ವಗೌರವಕ್ಕೆ, ಇಷ್ಟದ ಕೆಲಸಕ್ಕೆ ಜಾಗವಿದೆ ಎಂಬುದೂ ಅದರಲ್ಲಿದೆ. ಹಿಟ್ಟಿಗಾಗಿ ದುಡಿಯುತ್ತಲೇ ಒಂದೆಳೆ ಮಲ್ಲಿಗೆ ಮುಡಿದರೆ ತಪ್ಪೇನಿಲ್ಲ.